ಫೋಟೊನಾ, ವಿಡಿಯೊನಾ? ಸಣ್ಣ ಸುದ್ದಿತಾಣಕ್ಕೆ ಬಲ್ಲವರ ಸಲಹೆ

ಕೇಳಿದ್ದು

ದಕ್ಷಿಣ ಕನ್ನಡದಲ್ಲಿ ಸಣ್ಣದೊಂದು ಸುದ್ದಿತಾಣ ನಡೆಸುತ್ತಿದ್ದೇವೆ. ವರದಿಗಾರರು ಇಬ್ಬರೇ. ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಮೊಬೈಲ್ ಇವೆ. ನವೆಂಬರ್ ಬಂತೆಂದರೆ ಕಂಬಳ ಶುರು. ಅದರ ಜತೆಗೆ ಪಂಚಾಯಿತಿ ಸಭೆ, ಪತ್ರಿಕಾಗೋಷ್ಠಿ, ಮಳೆಗಾಲದಲ್ಲಿ ಗುಡ್ಡ ಕುಸಿತ. ಜಾಗಕ್ಕೆ ಒಬ್ಬರೇ ಹೋದಾಗ ಫೋಟೊ ತೆಗೆಯಬೇಕೋ, ವಿಡಿಯೊ ಮಾಡಬೇಕೋ? ಬರೀ ವಿಡಿಯೊ ಮಾಡಿ ಅದರಿಂದಲೇ ಫೋಟೊ ತೆಗೆದುಕೊಂಡರೆ ಎರಡೂ ಆಗುತ್ತದಲ್ಲ ಎಂಬ ಯೋಚನೆಯೂ ಇದೆ. ಗೊತ್ತಿರುವವರು ತಿಳಿಸಿ.

ಸುದ್ದಿ ಛಾಯಾಗ್ರಾಹಕರೊಬ್ಬರು

ವಿಡಿಯೊದಿಂದ ಫೋಟೊ ತೆಗೆಯುವ ಯೋಚನೆ ಬಹಳ ಮಂದಿಗೆ ಬರುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡೋಣ. 4ಕೆ ವಿಡಿಯೊದ ಒಂದು ಫ್ರೇಮ್ ಅಂದರೆ 3840×2160, ಸುಮಾರು 8.3 ಮೆಗಾಪಿಕ್ಸೆಲ್. ವೆಬ್‌ಗೆ ಅಷ್ಟು ಧಾರಾಳ ಸಾಕು. ತೊಂದರೆ ಇರುವುದು ಶಟರ್‌ನಲ್ಲಿ, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತಿನಲ್ಲಿ. ವಿಡಿಯೊ ಕಣ್ಣಿಗೆ ಸಲೀಸಾಗಿ ಕಾಣಬೇಕಾದರೆ ಸೆಕೆಂಡಿಗೆ 25 ಫ್ರೇಮ್‌ಗೆ 1/50 ಸೆಕೆಂಡಿನ ಶಟರ್ ಇಡುತ್ತೇವೆ. ಓಡುವ ಕೋಣ ಸೆಕೆಂಡಿಗೆ ಸುಮಾರು 10 ಮೀಟರ್ ಹೋಗುತ್ತದೆ ಅಂದುಕೊಳ್ಳಿ. 1/50 ಸೆಕೆಂಡಿನಲ್ಲಿ ಅದು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಆ ಫ್ರೇಮನ್ನು ನಿಲ್ಲಿಸಿದರೆ ಕೋಣದ ಮುಖವೂ ಕಲಸಿರುತ್ತದೆ, ಓಡಿಸುವವನ ಮುಖವೂ ಕಲಸಿರುತ್ತದೆ. 1/1000 ಇಟ್ಟರೆ ಅದೇ ಚಲನೆ 1 ಸೆಂಟಿಮೀಟರ್‌ಗೆ ಇಳಿಯುತ್ತದೆ, ಫೋಟೊ ಚೂಪಾಗಿ ಬರುತ್ತದೆ. ಆದರೆ 1/1000ದಲ್ಲಿ ವಿಡಿಯೊ ಮಾಡಿದರೆ ಓಟವೆಲ್ಲ ಕುಕ್ಕಿ ಕುಕ್ಕಿ ಹೋದಂತೆ ಕಾಣುತ್ತದೆ. ಒಂದೇ ಸೆಟ್ಟಿಂಗ್ ಎರಡಕ್ಕೂ ಒಗ್ಗುವುದಿಲ್ಲ. ಕುಳಿತು ಮಾತಾಡುವವರ ವಿಡಿಯೊದಿಂದ ಫ್ರೇಮ್ ತೆಗೆಯಬಹುದು, ಅಲ್ಲಿ ಅಡ್ಡಿಯಿಲ್ಲ.

ಇನ್ನು ಕಂಬಳ. ಅಲ್ಲಿ ಯಾವ ವಿಭಾಗಕ್ಕೆ ಏನು ಬೇಕು ಎಂದು ಮೊದಲೇ ನಿರ್ಧರಿಸಿ. ಹಗ್ಗ ಮತ್ತು ನೇಗಿಲು ವಿಭಾಗದಲ್ಲಿ ಸುದ್ದಿ ಎಂದರೆ ವೇಗ, ಎರಡು ಕರೆಗಳ (ಕೋಣ ಓಡುವ ಕೆಸರಿನ ಹಾದಿಗಳ) ನಡುವಿನ ಪೈಪೋಟಿ, ಜನರ ಕೂಗು. ಅದು ವಿಡಿಯೊದ ಸರಕು. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗಿನ ಓಟ ಕಾಲು ನಿಮಿಷದೊಳಗೆ ಮುಗಿಯುತ್ತದೆ, ಕತ್ತರಿಸುವ ಕೆಲಸವೇ ಬೀಳುವುದಿಲ್ಲ. ಕನೆಹಲಗೆ ವಿಭಾಗದಲ್ಲಿ ಲೆಕ್ಕಕ್ಕೆ ಬರುವುದು ವೇಗವಲ್ಲ, ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎನ್ನುವುದು. 6.5 ಕೋಲು, 7.5 ಕೋಲು ಎತ್ತರದ ಬಟ್ಟೆಗೆ ನೀರು ತಾಗುವ ಆ ಕ್ಷಣವನ್ನು ಓದುಗ ನಿಂತು ನೋಡಬೇಕು. ಅದಕ್ಕೆ ಫೋಟೊವೇ ಸರಿ.

ಆ ಫೋಟೊಗೆ ನಿಲ್ಲುವ ಜಾಗ ಮುಖ್ಯ. ಕರೆಗೆ ಎದುರಾಗಿ ಕೆಳಗೆ ಕುಳಿತು ತೆಗೆದರೆ ನಿಶಾನೆಗಿಂತ ಎರಡು ಮೀಟರ್ ಈಚೆ ಎದ್ದ ನೀರೂ ಬಟ್ಟೆಗೆ ತಾಗಿದಂತೆ ಕಾಣುತ್ತದೆ. ಆ ಚಿತ್ರಕ್ಕೆ 'ನಿಶಾನೆ ಮುಟ್ಟಿದ ನೀರು' ಎಂದು ಅಡಿಬರಹ ಹಾಕಿದರೆ ತಪ್ಪು ಸುದ್ದಿ. ನಿಶಾನೆಯ ನೇರಕ್ಕೆ, ಕರೆಯ ಬದಿಯಲ್ಲಿ, ಸಾಧ್ಯವಾದರೆ ಎತ್ತರದ ಜಾಗದಲ್ಲಿ ನಿಲ್ಲಿ. ಬಟ್ಟೆಯ ಮೇಲೆ ಮೊದಲೇ ಫೋಕಸ್ ಮಾಡಿ ಲಾಕ್ ಮಾಡಿಡಿ. ಇಲ್ಲದಿದ್ದರೆ ನೀರು ಎದ್ದ ಕೂಡಲೇ ಆಟೊಫೋಕಸ್ ಹನಿಗಳ ಹಿಂದೆ ಓಡುತ್ತದೆ. ಹಗಲಾದರೆ ಶಟರ್ 1/2000, ಒತ್ತಿ ಹಿಡಿದರೆ ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್ ಮೋಡ್. ರಾತ್ರಿ ಫ್ಲಡ್‌ಲೈಟಿನಲ್ಲಿ ಲೆನ್ಸಿನ ತೆರವು ಎಫ್ 2.8, ಶಟರ್ 1/1000, ಬೆಳಕಿನ ಸಂವೇದನೆ ಅಂದರೆ ಐಎಸ್‌ಒ 3200ರಿಂದ 6400. ಅದಕ್ಕಿಂತ ಕಡಿಮೆ ಐಎಸ್‌ಒ ಬೇಕೆಂದು ಶಟರ್ ಇಳಿಸಬೇಡಿ. ಚಿತ್ರದಲ್ಲಿ ಒರಟು ಕಾಳು ಇದ್ದರೂ ಓದುಗ ಸಹಿಸುತ್ತಾನೆ, ಕಲಸಿದ ಮುಖವನ್ನು ಸಹಿಸುವುದಿಲ್ಲ.

ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬರ್ಸ್ಟ್‌ನಲ್ಲಿ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿ ಕಪ್ಪಾಗಿ ಬರುವುದು ಇದರಿಂದ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬೇಡ, ಎಲ್‌ಇಡಿ ಬೆಳಕಿನಲ್ಲಿ ಅಡ್ಡ ಪಟ್ಟೆಗಳು ಬೀಳುತ್ತವೆ. ಮೆಕ್ಯಾನಿಕಲ್ ಶಟರ್ ಬಳಸಿ. ಫ್ಲಾಶ್ ಹಾಕಲೇಬೇಡಿ, ಕೋಣಗಳು ಬೆದರುತ್ತವೆ. ಮಂಜೊಟ್ಟಿಯ ನೇರಕ್ಕೆ ನಿಲ್ಲುವುದೂ ಬೇಡ. ಗೆರೆ ದಾಟಿದ ಕೋಣ ಅಲ್ಲೇ ನಿಲ್ಲುವುದಿಲ್ಲ.

ವಿಡಿಯೊ ಎಡಿಟಿಂಗ್ ಮಾಡುವವರು

ಮೇಲಿನದಕ್ಕೆ ಒಂದು ಸೇರ್ಪಡೆ. ಹೆಚ್ಚಿನ ಮೊಬೈಲ್‌ಗಳು 30 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡುತ್ತವೆ. ಶಟರ್ 1/60 ಆದರೆ ನಮ್ಮ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಉಸಿರಾಡಿದಂತೆ ಮಿನುಗುತ್ತದೆ. ಸಭಾಂಗಣದ ವಿಡಿಯೊಗಳಲ್ಲಿ ಇದು ದಿನಾ ಕಾಣುವ ದೋಷ. ಸೆಟ್ಟಿಂಗ್‌ನಲ್ಲಿ ಪಾಲ್ (PAL) ಅಥವಾ 25 ಫ್ರೇಮ್ ಇದ್ದರೆ ಅದನ್ನೇ ಆರಿಸಿ, ಶಟರ್ 1/50 ಅಥವಾ 1/100. ಕಂಬಳದ ಓಟವನ್ನು ನಿಧಾನಗತಿಯಲ್ಲಿ ತೋರಿಸಬೇಕಿದ್ದರೆ 50 ಫ್ರೇಮ್, 1/100ದಲ್ಲಿ ತೆಗೆದು ಅರ್ಧ ವೇಗಕ್ಕೆ ಇಳಿಸಿ. ಮಿನುಗುವುದೂ ಇಲ್ಲ, ಚಲನೆಯೂ ಸಲೀಸಾಗಿರುತ್ತದೆ.

ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಐಎಸ್‌ಒ 100ರಲ್ಲೂ ಎಫ್ 22ರ ಹತ್ತಿರ ಹೋಗಬೇಕಾಗುತ್ತದೆ. ಎಫ್ 2.8ರಲ್ಲೇ ಉಳಿಯಬೇಕಾದರೆ ಆರು ಸ್ಟಾಪ್ ಬೆಳಕು ತಗ್ಗಿಸುವ, ಅಂದರೆ ಎನ್‌ಡಿ 64 ಫಿಲ್ಟರ್ ಬೇಕು. ಒಂದೇ ಕ್ಯಾಮೆರಾದಲ್ಲಿ ಫೋಟೊ ವಿಡಿಯೊ ಎರಡನ್ನೂ ಮಾಡುವವರು ಎಡವುವುದು ಇಲ್ಲೇ. ಫಿಲ್ಟರ್ ತೆಗೆಯುವುದು, ಹಾಕುವುದು, ಶಟರ್ ಬದಲಿಸುವುದು, ಅಷ್ಟರಲ್ಲಿ ಓಟ ಮುಗಿದಿರುತ್ತದೆ. ಹಾಗಾಗಿ ಕ್ಯಾಮೆರಾವನ್ನು ಪೂರ್ತಿ ಫೋಟೊಗೇ ಬಿಡಿ, ಮೊಬೈಲನ್ನು ಪೂರ್ತಿ ವಿಡಿಯೊಗೆ. ಮೊಬೈಲ್ ಸಣ್ಣ ಟ್ರೈಪಾಡ್ ಮೇಲೆ ತನ್ನಷ್ಟಕ್ಕೆ ಓಡುತ್ತಿರಲಿ.

ಉದ್ದಕ್ಕೋ ಅಡ್ಡಕ್ಕೋ ಎಂಬುದೂ ಹೋಗುವ ಮೊದಲೇ ತೀರ್ಮಾನವಾಗಬೇಕು. 4ಕೆಯಲ್ಲಿ ಅಡ್ಡಕ್ಕೆ ತೆಗೆದರೆ ಅದರಿಂದ 1215×2160 ಅಳತೆಯ ಉದ್ದನೆಯ ತುಂಡು ಸಿಗುತ್ತದೆ, ರೀಲ್ಸ್‌ಗೆ ಸಾಕು. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ ತೆಗೆದರೆ ಸಿಗುವುದು ಬರೀ 607 ಪಿಕ್ಸೆಲ್ ಅಗಲ, ಮಸುಕು ಮಸುಕು. ಎರಡು ಜತೆ ಕೋಣಗಳು ಅಕ್ಕಪಕ್ಕದ ಕರೆಯಲ್ಲಿ ಓಡುವಾಗ ಉದ್ದನೆಯ ಚೌಕಟ್ಟಿನಲ್ಲಿ ಒಂದೇ ಜತೆ ಹಿಡಿಸುತ್ತದೆ, ಪೈಪೋಟಿಯೇ ಕಾಣೆಯಾಗುತ್ತದೆ. ಕಂಬಳಕ್ಕೆ ಅಡ್ಡವೇ ಇರಲಿ.

ಧ್ವನಿಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಮೈಕ್ ಇಲ್ಲದಿದ್ದರೆ ಸಂದರ್ಶನದ ವಿಡಿಯೊ ಮಾಡಬೇಡಿ, ಫೋಟೊ ತೆಗೆದು ಮಾತನ್ನು ಬರೆದುಕೊಳ್ಳಿ. ಅಲುಗಾಡುವ ಚಿತ್ರವನ್ನು ನೋಡುವವರಿದ್ದಾರೆ, ಕೇಳಿಸದ ಮಾತನ್ನು ಹತ್ತು ಸೆಕೆಂಡ್ ಕೂಡ ಯಾರೂ ಕೇಳುವುದಿಲ್ಲ. ವೈರಿನ ಕಾಲರ್ ಮೈಕ್ ಸಾಕು, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಕ್ಯಾಮೆರಾಗೆ ಹೋಗುವ ಪಿನ್‌ನಲ್ಲಿ ಎರಡು ಕಪ್ಪು ಗೆರೆ, ಮೊಬೈಲ್‌ನದ್ದರಲ್ಲಿ ಮೂರು. ತಪ್ಪು ಪಿನ್ ಹಾಕಿದರೆ ಮೊಬೈಲ್ ಸುಮ್ಮನೆ ತನ್ನದೇ ಮೈಕ್‌ನಿಂದ ರೆಕಾರ್ಡ್ ಮಾಡುತ್ತದೆ, ನಿಮಗೆ ಗೊತ್ತಾಗುವುದು ಆಫೀಸಿಗೆ ಬಂದ ಮೇಲೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಮೈಕನ್ನು ಉಗುರಿನಿಂದ ಕೆರೆದು, ಕೇಳಿ ನೋಡಿ. ಲೆವೆಲ್ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಕಂಬಳದಲ್ಲಿ ಧ್ವನಿವರ್ಧಕದ ಬಾಯಿಗೆ ನೇರ ನಿಲ್ಲಬೇಡಿ, ಧ್ವನಿ ಒಡೆಯುತ್ತದೆ. ಬದಿಗೆ ಸರಿದು ಬರೀ ಜನರ ಸದ್ದು, ವೀಕ್ಷಕ ವಿವರಣೆ ಎರಡನ್ನೂ 30 ಸೆಕೆಂಡ್ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಎಡಿಟ್ ಮಾಡುವಾಗ ತುಂಡುಗಳ ನಡುವಿನ ಕಂದಕ ಮುಚ್ಚಲು ಅದೇ ಬೇಕು.

ವೆಬ್ ಡೆಸ್ಕ್‌ನಲ್ಲಿ ಕೆಲಸ ಮಾಡುವವರು

ಹೊತ್ತಿನ ಲೆಕ್ಕವನ್ನೂ ನೋಡಿ. ವೆಬ್‌ಗೆ ಸಿದ್ಧವಾದ ಫೋಟೊ 300 ಕೆಬಿ. ಒಂದೂವರೆ ನಿಮಿಷದ ವಿಡಿಯೊ 8 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 8 ಮೆಗಾಬಿಟ್) 90 ಎಂಬಿ. ಹಳ್ಳಿಯ ಗದ್ದೆಯಲ್ಲಿ ಅಪ್‌ಲೋಡ್ 2 ಎಂಬಿಪಿಎಸ್ ಸಿಕ್ಕಿತು ಅನ್ನಿ: ಫೋಟೊ ಎರಡು ಸೆಕೆಂಡಿನೊಳಗೆ ಹೋಗುತ್ತದೆ, ವಿಡಿಯೊಗೆ ಆರು ನಿಮಿಷ. ಅದೂ ಸಂಪರ್ಕ ತುಂಡಾಗದಿದ್ದರೆ. ಸಾವಿರಾರು ಜನ ಸೇರಿದ ಜಾಗದಲ್ಲಿ ಅದು ತುಂಡಾಗುತ್ತಲೇ ಇರುತ್ತದೆ. ಎಡಿಟಿಂಗ್‌ಗೆ, ನುರಿತವರಿಗೂ, ಸಿದ್ಧ ವಿಡಿಯೊದ ಪ್ರತಿ ನಿಮಿಷಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಇಬ್ಬರೇ ಇರುವ ತಂಡಕ್ಕೆ ಇದು ಸಣ್ಣ ಮಾತಲ್ಲ. ಮೊದಲು ಒಂದು ಫೋಟೊ, ನಾಲ್ಕು ಸಾಲು ಸುದ್ದಿ. ವಿಡಿಯೊ ಆಮೇಲೆ ಅದೇ ಪುಟಕ್ಕೆ ಸೇರಲಿ.

ಇನ್ನೊಂದು ವಿಷಯ: ವಿಡಿಯೊ ಹಾಕಿದರೂ ಫೋಟೊ ತಪ್ಪುವುದಿಲ್ಲ. ಥಂಬ್‌ನೇಲ್‌ಗೆ, ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವುದಕ್ಕೆ, ಮೊಬೈಲ್‌ನಲ್ಲಿ ಸುದ್ದಿ ತಾನಾಗಿ ತೋರಿಸುವ ಗೂಗಲ್ ಡಿಸ್ಕವರ್‌ಗೆ, ಎಲ್ಲದಕ್ಕೂ ಒಳ್ಳೆಯ ನಿಶ್ಚಲ ಚಿತ್ರ ಬೇಕೇ ಬೇಕು. ಡಿಸ್ಕವರ್‌ನಲ್ಲಿ ದೊಡ್ಡದಾಗಿ ಕಾಣಬೇಕಾದರೆ ಕನಿಷ್ಠ 1200 ಪಿಕ್ಸೆಲ್ ಅಗಲ ಇರಬೇಕು. ವರದಿಗಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಲಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು ಜಾಗದ ಮಾಹಿತಿಯೂ ಅಳಿಸಿಹೋಗುತ್ತದೆ.

ಬಹಳ ಜನ ಧ್ವನಿ ಬಂದ್ ಇಟ್ಟು ವಿಡಿಯೊ ನೋಡುತ್ತಾರೆ. ಕಂಬಳದಲ್ಲಿ ಮಾತಾಡುವವರು ತುಳುವಿನಲ್ಲಿ ಮಾತಾಡುತ್ತಾರೆ, ಬಯಲುಸೀಮೆಯ ಓದುಗನಿಗೆ ಅದು ತಿಳಿಯದು. ಹಾಗಾಗಿ ಕನ್ನಡದ ಸಬ್‌ಟೈಟಲ್ ಬೇಕು. ಅದನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಯುಟಿಎಫ್-8ರಲ್ಲಿ ಉಳಿಸಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಿದ್ದು 'ಅಕ್ಕ' ಎಂಬುದು 'ಅಕ್‌ಕ' ಆಗುತ್ತಿದ್ದರೆ ಗ್ರಾಫಿಕ್ಸ್ ಪ್ರಿಫರೆನ್ಸಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನನ್ನು ಸೌತ್ ಏಷ್ಯನ್‌ಗೆ ಬದಲಿಸಿ. ಒಂದು ಸಲಕ್ಕೆ ಎರಡೇ ಸಾಲು, ಕನಿಷ್ಠ ಎರಡು ಸೆಕೆಂಡ್ ನಿಲ್ಲಲಿ.

ಜಿಲ್ಲಾ ವರದಿಗಾರ್ತಿಯೊಬ್ಬರು

ಫೋಟೊ ಮೊದಲು ಎಂಬುದನ್ನು ಗುಡ್ಡ ಕುಸಿತಕ್ಕೆ ನಾನು ಒಪ್ಪುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮನೆಯೊಂದು ಇಡಿಯಾಗಿ ಗುಡ್ಡದಿಂದ ಜಾರುವ ವಿಡಿಯೊ ಎಲ್ಲರೂ ನೋಡಿದ್ದಾರೆ. ಮಣ್ಣು ಹೇಗೆ ಸರಿಯುತ್ತದೆ ಎಂದು ಯಾವ ಫೋಟೊವೂ ಅಷ್ಟು ತಿಳಿಸಲಾರದು. ನೆಲ ಇನ್ನೂ ಸರಿಯುತ್ತಿದ್ದರೆ, ನೀರು ಏರುತ್ತಿದ್ದರೆ ವಿಡಿಯೊ ಮಾಡಿ. ದೂರದಿಂದ, ಒಂದೇ ಕಡೆ ನಿಂತು, ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸದೆ, ಕನಿಷ್ಠ 20 ಸೆಕೆಂಡ್. ಎಲ್ಲ ಮುಗಿದ ಮೇಲೆ ತಲುಪಿದ್ದರೆ ಫೋಟೊ. ಅಲ್ಲಿ ಅಳತೆ ತಿಳಿಯಬೇಕು: ಬಿರುಕಿನ ಪಕ್ಕ ಒಂದು ಕೊಡೆಯೋ ಮನುಷ್ಯನೋ ಚೌಕಟ್ಟಿನಲ್ಲಿರಲಿ, ಆದರೆ ಬಿರುಕಿನ ಅಂಚಿಗೆ ಯಾರನ್ನೂ ನಿಲ್ಲಿಸಬೇಡಿ. ಅದೇ ಜಾಗಕ್ಕೆ ವಾರದ ಮೇಲೆ ಹೋಗಿ ಅದೇ ಕೋನದಿಂದ ಇನ್ನೊಂದು ತೆಗೆದರೆ ಪರಿಹಾರ ಕೆಲಸ ಎಲ್ಲಿಗೆ ಬಂತು ಎಂದು ಜನರಿಗೆ ತೋರಿಸಬಹುದು. ಈ ಕೆಲಸವನ್ನು ಜಿಲ್ಲಾ ತಾಣಗಳು ಹೆಚ್ಚು ಮಾಡಬೇಕು.

ಪತ್ರಿಕಾಗೋಷ್ಠಿಗೆ ಎರಡು ಫೋಟೊ ಸಾಕು. ಅರ್ಧ ಗಂಟೆಯ ವಿಡಿಯೊ ಯಾರೂ ನೋಡುವುದಿಲ್ಲ. ಆದರೆ ನಾಳೆ 'ನಾನು ಹಾಗೆ ಹೇಳಿಲ್ಲ' ಎನ್ನುವವರಿರುತ್ತಾರೆ, ಅದಕ್ಕಾಗಿ ಆಡಿಯೊ ಪೂರ್ತಿ ರೆಕಾರ್ಡ್ ಆಗಿರಲಿ. ಸಭೆಯಲ್ಲಿ ಗಲಾಟೆ ಎದ್ದರೆ ಮಾತ್ರ ವಿಡಿಯೊ. ಅದರಲ್ಲೂ ಗಲಾಟೆಗೆ ಮುಂಚಿನ ಮಾತು ಸೇರಿರಬೇಕು, ಬರೀ ಕಿರುಚಾಟದ ತುಂಡು ಹಾಕಿದರೆ ಯಾರು ಶುರು ಮಾಡಿದರು ಎಂಬುದು ತಿರುಗುಮುರುಗಾಗುತ್ತದೆ.

ಮಕ್ಕಳ ಮೇಲಿನ ದೌರ್ಜನ್ಯ, ಲೈಂಗಿಕ ಅಪರಾಧದ ಸುದ್ದಿಗೆ ವಿಡಿಯೊ ಬೇಡವೇ ಬೇಡ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ಫೋಟೊದಲ್ಲಿ ಮುಖ ಮುಚ್ಚಿದರೆ ಒಂದು ಚಿತ್ರ ನೋಡಿದರಾಯಿತು. ವಿಡಿಯೊದಲ್ಲಿ ತಲೆ ತಿರುಗಿಸಿದ ನಾಲ್ಕು ಫ್ರೇಮ್‌ನಲ್ಲಿ ಬ್ಲರ್ ಜಾರಿದರೂ ಯಾರೋ ಅಲ್ಲೇ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಧ್ವನಿ, ಮನೆಯ ಬಾಗಿಲ ಬಣ್ಣ, ಹಿಂದೆ ಕೇಳುವ ಶಾಲೆಯ ಗಂಟೆ, ಊರಿನವರಿಗೆ ಅಷ್ಟೇ ಸಾಕು. ಹಾಗೆಯೇ ಹೈಕೋರ್ಟ್ ಕಲಾಪದ ನೇರಪ್ರಸಾರದಿಂದ ತುಂಡು ಕತ್ತರಿಸಿ ಹಾಕಬೇಡಿ. ಅನುಮತಿಯಿಲ್ಲದೆ ಹಾಗೆ ಬಳಸುವುದಕ್ಕೆ ನೇರಪ್ರಸಾರದ ಬಗೆಗಿನ 2021ರ ನಿಯಮಗಳಲ್ಲೇ ತಡೆ ಇದೆ. ಕಟ್ಟಡದ ಫೋಟೊ ಬಳಸಿ.

ಕೇಳಿದವರು ಮತ್ತೆ

ತುಂಬ ಉಪಯೋಗವಾಯಿತು. ಎರಡು ಸಂದೇಹ. 64 ಜಿಬಿ ಕಾರ್ಡ್ ಒಂದು ರಾತ್ರಿಗೆ ಸಾಕೇ? ಓದುಗರು ಕಳಿಸುವ ಗುಡ್ಡ ಕುಸಿತದ ವಿಡಿಯೊ ಹಾಕಬಹುದೇ?

ವಿಡಿಯೊ ಎಡಿಟಿಂಗ್ ಮಾಡುವವರು

4ಕೆ 100 ಎಂಬಿಪಿಎಸ್ ಆದರೆ ನಿಮಿಷಕ್ಕೆ 750 ಎಂಬಿ, 64 ಜಿಬಿಯಲ್ಲಿ ಸುಮಾರು 85 ನಿಮಿಷ. ಕಂಬಳ ರಾತ್ರಿಯಿಡೀ ನಡೆಯುತ್ತದೆ, ಬಿಡದೆ ರೆಕಾರ್ಡ್ ಮಾಡಿದರೆ ಸಾಲದು. ಗಂತಿನಲ್ಲಿ ಕೋಣ ಸಜ್ಜಾದಾಗ ಒತ್ತಿ, ಮಂಜೊಟ್ಟಿ ಮುಟ್ಟಿದ ಐದು ಸೆಕೆಂಡ್ ಬಳಿಕ ನಿಲ್ಲಿಸಿ. ಕಾರ್ಡ್ ಮೇಲೆ ವೇಗ ಸೂಚಿಸುವ ವಿ30 ಗುರುತು ಇರಲಿ, ನಿಧಾನದ ಕಾರ್ಡಿನಲ್ಲಿ ರೆಕಾರ್ಡಿಂಗ್ ನಡುವೆಯೇ ನಿಲ್ಲುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ ಓಟದ ನಡುವೆ ಫೋನ್ ಕರೆ ಬಂದು ರೆಕಾರ್ಡಿಂಗ್ ನಿಂತುಬಿಡಬಹುದು.

ವೆಬ್ ಡೆಸ್ಕ್‌ನಲ್ಲಿ ಕೆಲಸ ಮಾಡುವವರು

ಓದುಗರ ವಿಡಿಯೊ ಹಾಕಬಹುದು, ಪರೀಕ್ಷಿಸಿದ ಮೇಲೆ. ಪ್ರತಿ ಮಳೆಗಾಲದಲ್ಲೂ ಹಳೇ ಕುಸಿತದ ವಿಡಿಯೊಗಳು ಹೊಸ ಊರಿನ ಹೆಸರು ಹೊತ್ತು ಬರುತ್ತವೆ. ವಿಡಿಯೊವನ್ನು ನೇರವಾಗಿ ರಿವರ್ಸ್ ಸರ್ಚ್‌ಗೆ (ಚಿತ್ರ ಕೊಟ್ಟು ಅದರ ಮೂಲ ಹುಡುಕುವುದಕ್ಕೆ) ಹಾಕಲಾಗದು. ಮೂರ್ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅಥವಾ ಇನ್‌ವಿಡ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಬಳಸಿ, ಅದು ಮುಖ್ಯ ಫ್ರೇಮ್‌ಗಳನ್ನು ತಾನೇ ತೆಗೆದುಕೊಡುತ್ತದೆ. ಜನರ ಮಾತಿನ ಭಾಷೆ, ವಾಹನದ ನಂಬರ್ ಪ್ಲೇಟ್, ಅಂಗಡಿಯ ಬೋರ್ಡ್, ವಿದ್ಯುತ್ ಕಂಬದ ಮೇಲಿನ ಬರಹ ನೋಡಿ. ತೆಗೆದವರಿಗೇ ಫೋನ್ ಮಾಡಿ, ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಜತೆಗೆ ಅಲ್ಲೇ ಮೊದಲು ಅಥವಾ ನಂತರ ತೆಗೆದ ಇನ್ನೊಂದು ಫೋಟೊ ಕೇಳಿ. ನಿಜವಾಗಿ ಅಲ್ಲಿದ್ದವರ ಬಳಿ ಸಾಮಾನ್ಯವಾಗಿ ಎರಡು ಮೂರಾದರೂ ಇರುತ್ತವೆ, ಫಾರ್ವರ್ಡ್ ಮಾಡಿದವರ ಬಳಿ ಒಂದೇ ಇರುತ್ತದೆ. ಬಳಸಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ತೆಗೆದವರು ಒಪ್ಪಿದರೆ ಹೆಸರು ಹಾಕಿ. ತೆಗೆದ ದಿನಾಂಕ ಮತ್ತು ಊರನ್ನು ವಿಡಿಯೊದ ಮೂಲೆಯಲ್ಲಿ ಅಚ್ಚಾಗಿಸಿಬಿಡಿ. ಮುಂದಿನ ವರ್ಷ ಅದೇ ತುಂಡು ಬೇರೆ ಊರಿನ ಹೆಸರಿನಲ್ಲಿ ತಿರುಗಿದರೆ ನೋಡಿದವರಿಗೆ ಕೂಡಲೇ ತಿಳಿಯುತ್ತದೆ.