ಕ್ಯಾಲಿಫೋರ್ನಿಯಾದ ಕೌಂಟಿ ಕಚೇರಿಯಲ್ಲಿ ಮದುವೆ ಲೈಸೆನ್ಸ್: ಸದಸ್ಯರ ಪ್ರಶ್ನೆಗಳಿಗೆ ನಿವೃತ್ತ ಕ್ಲರ್ಕ್ ಒಬ್ಬರ ಉತ್ತರಗಳು

ಪ್ರಶ್ನೆ (ಸನಿವೇಲ್‌ನ ಸದಸ್ಯರು): ನಮಸ್ಕಾರ ಮೇಡಂ. ನಾನೂ ನಾನು ಮದುವೆಯಾಗಲಿರುವ ಹುಡುಗಿಯೂ ಎಚ್-1ಬಿ ವೀಸಾದ ಮೇಲೆ ಇಲ್ಲಿದ್ದೇವೆ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಮುಹೂರ್ತ ನಿಶ್ಚಯವಾಗಿದೆ. ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಇಲ್ಲಿನ ಆಡಳಿತ ವಿಭಾಗದಿಂದ) ಮದುವೆ ಲೈಸೆನ್ಸ್ ತರಬೇಕೆಂದು ಪುರೋಹಿತರು ಹೇಳಿದ್ದಾರೆ. ನಾವಿರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ, ದೇವಸ್ಥಾನವಿರುವುದು ಅಲಮೀಡಾ ಕೌಂಟಿಯಲ್ಲಿ. ನಾವು ಯಾವ ಕಚೇರಿಗೆ ಹೋಗಬೇಕು? ಅಲ್ಲಿ ಏನೇನು ಕೇಳುತ್ತಾರೆ?

ಉತ್ತರ: ಶುಭವಾಗಲಿ. ಕ್ಯಾಲಿಫೋರ್ನಿಯಾದ ಒಂದು ಕೌಂಟಿ ಕ್ಲರ್ಕ್ ಕಚೇರಿಯ ಕೌಂಟರಿನಲ್ಲಿ ಕುಳಿತು ನಾನು ಹೆಚ್ಚು ಬಾರಿ ಉತ್ತರಿಸಿದ ಪ್ರಶ್ನೆ ಇದೇ ಇರಬೇಕು. ನೀವು ಯಾವ ಕೌಂಟಿಯಲ್ಲಿ ಬೇಕಾದರೂ ಸಾರ್ವಜನಿಕ ಲೈಸೆನ್ಸ್ (ಸಾಮಾನ್ಯವಾಗಿ ಎಲ್ಲರೂ ಪಡೆಯುವ ಬಗೆಯದು) ಪಡೆದು, ಕ್ಯಾಲಿಫೋರ್ನಿಯಾ ರಾಜ್ಯದೊಳಗೆ ಯಾವ ಊರಿನಲ್ಲಿ ಬೇಕಾದರೂ ಮದುವೆಯಾಗಬಹುದು. ಆದ್ದರಿಂದ ಮನೆಗೆ ಹತ್ತಿರವಿರುವ ಕಚೇರಿಗೇ ಹೋಗಿ. ಇಲ್ಲಿನ ಪ್ರಜೆಯಾಗಿರಬೇಕೆಂಬ ನಿಯಮವಾಗಲಿ, ಇಂತಿಷ್ಟು ದಿನ ಇಲ್ಲಿ ವಾಸವಾಗಿರಬೇಕೆಂಬ ನಿಯಮವಾಗಲಿ ಇಲ್ಲ. ರಕ್ತಪರೀಕ್ಷೆ ಬೇಡ, ಕಾಯುವ ಅವಧಿಯೂ ಇಲ್ಲ. ಬೆಳಿಗ್ಗೆ ಲೈಸೆನ್ಸ್ ಪಡೆದು ಮಧ್ಯಾಹ್ನವೇ ತಾಳಿ ಕಟ್ಟಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಬಹುಪಾಲು ಕೌಂಟಿಗಳಲ್ಲಿ ಅರ್ಜಿಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ತುಂಬಿ, ಅಪಾಯಿಂಟ್‌ಮೆಂಟ್ ಪಡೆದುಕೊಂಡು ಹೋಗಬಹುದು. ಇಬ್ಬರೂ ಒಟ್ಟಿಗೆ ಹಾಜರಾಗಬೇಕು. ಒಬ್ಬರು ಇಂದು, ಇನ್ನೊಬ್ಬರು ನಾಳೆ ಎಂದರೆ ಆಗುವುದಿಲ್ಲ. ಇಬ್ಬರಿಗೂ 18 ವರ್ಷ ತುಂಬಿರಬೇಕು, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿ ಕೈಯಲ್ಲಿರಬೇಕು. ನಿಮ್ಮಂಥವರಿಗೆ ಪಾಸ್‌ಪೋರ್ಟ್ ಎಲ್ಲಕ್ಕಿಂತ ಒಳ್ಳೆಯದು. ಅರ್ಜಿಯಲ್ಲಿ ಇಬ್ಬರ ತಂದೆತಾಯಿಗಳ ಪೂರ್ಣ ಹೆಸರನ್ನೂ ಅವರು ಹುಟ್ಟಿದ ದೇಶವನ್ನೂ ಕೇಳುತ್ತಾರೆ. ತಾಯಿಯ ವಿಷಯದಲ್ಲಿ ಕೇಳುವುದು ಮದುವೆಗೆ ಮುಂಚಿನ ಹೆಸರನ್ನು. ಅದು ನೆನಪಿಗೆ ಬಾರದೆ, ಕೌಂಟರಿನ ಮುಂದೆಯೇ ನಿಂತು ಬೆಂಗಳೂರಿಗೆ ಫೋನ್ ಮಾಡಿ, ರಾತ್ರಿ ಹತ್ತೂವರೆಯ ನಿದ್ದೆಯಿಂದ ಅಮ್ಮನನ್ನು ಎಬ್ಬಿಸಿದವರಿದ್ದಾರೆ. ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಶುಲ್ಕವು ಕೌಂಟಿಯಿಂದ ಕೌಂಟಿಗೆ ಬೇರೆಯಾಗುತ್ತದೆ.

ಲೈಸೆನ್ಸಿನ ಆಯುಷ್ಯ 90 ದಿನ. ಅಷ್ಟರೊಳಗೆ ಮದುವೆ ನಡೆಯದಿದ್ದರೆ ಅದನ್ನು ವಿಸ್ತರಿಸಿಕೊಡುವ ಅಧಿಕಾರ ಕ್ಲರ್ಕ್‌ಗೆ ಇಲ್ಲ. ಮತ್ತೆ ಹಣ ಕಟ್ಟಿ ಹೊಸದನ್ನೇ ಪಡೆಯಬೇಕು. ಮೇ ತಿಂಗಳಲ್ಲಿ ಲೈಸೆನ್ಸ್ ಪಡೆದು, ನಡುವೆ ಆಷಾಢ ಬಂತೆಂದು ಮುಹೂರ್ತವನ್ನು ಶ್ರಾವಣಕ್ಕೆ ತಳ್ಳಿದವರು ಈ ಲೆಕ್ಕವನ್ನು ಮರೆಯುತ್ತಾರೆ. ಮುಹೂರ್ತ ಗೊತ್ತಾದ ಮೇಲೆಯೇ, ಮದುವೆಗೆ ಎರಡು ಮೂರು ವಾರವಿರುವಾಗ ಹೋಗುವುದು ಸರಿ.

ಅದೇ ಸದಸ್ಯರು: ಹಾಗಾದರೆ ಲೈಸೆನ್ಸ್ ಕೈಗೆ ಬಂದ ದಿನದಿಂದಲೇ ಕಾನೂನಿನ ಪ್ರಕಾರ ನಾವು ಗಂಡ ಹೆಂಡತಿಯೇ? ಪುರೋಹಿತರ ಕೆಲಸ ಬರೀ ಮಂತ್ರ ಹೇಳುವುದೇ?

ಉತ್ತರ: ಇಲ್ಲ. ಲೈಸೆನ್ಸ್ ಎಂಬುದು ಮದುವೆಯಾಗಲು ಸರ್ಕಾರ ಕೊಟ್ಟ ಅನುಮತಿ ಮಾತ್ರ. ಮದುವೆ ಮಾಡಿಸುವ ಅಧಿಕಾರವುಳ್ಳವರ ಮುಂದೆ ಇಬ್ಬರೂ ಪರಸ್ಪರ ಒಪ್ಪಿಗೆಯನ್ನು ಹೇಳಿ, ಅವರು ಆ ಕಾಗದದ ಮೇಲೆ ಮದುವೆಯ ದಿನಾಂಕ ಮತ್ತು ಸ್ಥಳವನ್ನು ಬರೆದು ಸಹಿ ಹಾಕಿ, ಅದನ್ನು ಲೈಸೆನ್ಸ್ ಕೊಟ್ಟ ಕೌಂಟಿಯ ರೆಕಾರ್ಡರ್ (ದಾಖಲೆಗಳನ್ನು ಇಡುವ) ಕಚೇರಿಗೆ 10 ದಿನಗಳೊಳಗೆ ಹಿಂದಿರುಗಿಸಬೇಕು. ಯಾವುದೇ ಧರ್ಮದ ಪುರೋಹಿತರಿಗೆ ಈ ಅಧಿಕಾರವನ್ನು ಕ್ಯಾಲಿಫೋರ್ನಿಯಾದ ಕಾನೂನೇ ಕೊಟ್ಟಿದೆ; ನ್ಯಾಯಾಧೀಶರಿಗೂ ಕೌಂಟಿ ಕ್ಲರ್ಕ್‌ಗೂ ಇದೆ. ಸಾರ್ವಜನಿಕ ಲೈಸೆನ್ಸಿಗೆ ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಬೇಕು, ಇಬ್ಬರಿಗಿಂತ ಹೆಚ್ಚು ಸಾಕ್ಷಿಗಳಿಗೆ ಅದರಲ್ಲಿ ಜಾಗವಿಲ್ಲ. ಹುಡುಗಿಯ ಕಡೆಯವರೆಲ್ಲ ಸಹಿ ಹಾಕಬೇಕೆಂದು ಹಟ ಹಿಡಿದರೂ ಆ ಕಾಗದ ಅದಕ್ಕೆ ಒಪ್ಪುವುದಿಲ್ಲ.

ನಾನು ಕಂಡ ತೊಡಕುಗಳಲ್ಲಿ ಹೆಚ್ಚಿನವು ಲೈಸೆನ್ಸ್ ಪಡೆಯುವಾಗ ಆದವಲ್ಲ, ತಾಳಿ ಕಟ್ಟಿದ ಮೇಲೆ ಆದವು. ಮುಹೂರ್ತದ ಗಳಿಗೆ ತಪ್ಪಬಾರದೆಂದು ನಾಲ್ಕು ಜನ ಗಡಿಯಾರ ನೋಡುತ್ತಿರುತ್ತಾರೆ. ಸಹಿ ಮಾಡಿದ ಕಾಗದ ಎಲ್ಲಿದೆ ಎಂದು ನೋಡುವವರು ಒಬ್ಬರೂ ಇರುವುದಿಲ್ಲ. ಅದು ಆರತಕ್ಷತೆಯ ಉಡುಗೊರೆ ಲಕೋಟೆಗಳ ನಡುವೆ ಸೇರಿಕೊಂಡಿರುತ್ತದೆ, ಇಲ್ಲವೇ ಪುರೋಹಿತರ ಚೀಲದಲ್ಲಿ ಪಂಚಾಂಗದ ಜೊತೆ ಇನ್ನೊಂದು ಊರಿಗೆ ಪ್ರಯಾಣ ಮಾಡಿರುತ್ತದೆ. ಹಿಂದಿರುಗಿಸುವ ಹೊಣೆ ಕಾನೂನಿನಲ್ಲಿ ಮದುವೆ ಮಾಡಿಸಿದವರದ್ದೇ ಆದರೂ, ನೀವೇ ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ಸಿದ್ಧಮಾಡಿ ಅವರ ಕೈಗೆ ಕೊಡಿ, ಅಥವಾ ಅವರ ಒಪ್ಪಿಗೆ ಪಡೆದು ಮರುದಿನವೇ ಕಚೇರಿಗೆ ಮುಟ್ಟಿಸಿ. ಇನ್ನೊಂದು ಮಾತು: ಆ ಕಾಗದದ ಮೇಲೆ ಹೊಡೆದು ಬರೆಯುವುದು, ಬಿಳಿ ಶಾಯಿ ಹಚ್ಚುವುದು ಬೇಡ. ಅಕ್ಷತೆ ಹಿಡಿದ ಕೈಯ ಅರಿಸಿನ ಕುಂಕುಮದ ಗುರುತು ಬಿದ್ದ ಕಾಗದಗಳನ್ನೂ ನೋಡಿದ್ದೇನೆ. ಸಹಿಯ ಶಾಸ್ತ್ರವನ್ನು ಮಂಟಪದಿಂದ ದೂರ, ಒಂದು ಮೇಜಿನ ಮೇಲೆ ಮುಗಿಸಿ.

ದಾಖಲಾದ ಮೇಲೆ ಪ್ರಮಾಣಪತ್ರ ತಾನಾಗಿ ಮನೆಗೆ ಬರುತ್ತದೆಂದು ಕಾಯಬೇಡಿ. ದೃಢೀಕೃತ ಪ್ರತಿಗೆ ಬೇರೆಯಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ಬ್ಯಾಂಕಿಗೂ ವಲಸೆ ಇಲಾಖೆಗೂ ಬೇಕಾಗುವುದು ಆ ಪ್ರತಿಯೇ.

ಪ್ರಶ್ನೆ (ಫ್ರೀಮಾಂಟ್‌ನ ಸದಸ್ಯೆ): ಮೇಡಂ, ಅರ್ಜಿಯಲ್ಲಿ "ಮದುವೆಯ ನಂತರದ ಹೆಸರು" ಎಂಬ ಅಂಕಣವಿದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ತಮ್ಮ ಹೆಸರಿನ ಮುಂದೆ ಸೇರಿಸಿಕೊಳ್ಳುವುದು ರೂಢಿ. ನಾನೂ ಹಾಗೆ ಬರೆಯಬಹುದೇ? ಖಾಲಿ ಬಿಟ್ಟರೆ ಮುಂದೆ ತೊಂದರೆಯಾಗುತ್ತದೆಯೇ?

ಉತ್ತರ: ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ನಮ್ಮ ಹೆಸರಿಡುವ ಪದ್ಧತಿಗೂ ಇಲ್ಲಿನ ಕಾನೂನಿಗೂ ಹೊಂದಿಕೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2007ರ ಹೆಸರು ಸಮಾನತಾ ಕಾಯ್ದೆಯ ಪ್ರಕಾರ, ಗಂಡಾಗಲಿ ಹೆಣ್ಣಾಗಲಿ, ಮದುವೆಯ ಲೈಸೆನ್ಸಿನ ಮೂಲಕ ಮಧ್ಯದ ಹೆಸರನ್ನೂ ಕೊನೆಯ ಹೆಸರನ್ನೂ ಬದಲಾಯಿಸಿಕೊಳ್ಳಬಹುದು. ಮೊದಲ ಹೆಸರನ್ನು ಮುಟ್ಟುವಂತಿಲ್ಲ. ಹೊಸ ಕೊನೆಯ ಹೆಸರು ಸಂಗಾತಿಯ ಈಗಿನ ಕೊನೆಯ ಹೆಸರಾಗಿರಬಹುದು, ಇಬ್ಬರಲ್ಲಿ ಯಾರದೇ ಹುಟ್ಟಿನ ಕೊನೆಯ ಹೆಸರಾಗಿರಬಹುದು, ಅಥವಾ ಅವುಗಳನ್ನು ಜೋಡಿಸಿದ್ದಾಗಿರಬಹುದು. ಅಂದರೆ ಎಲ್ಲ ಆಯ್ಕೆಗಳೂ ಕೊನೆಯ ಹೆಸರುಗಳ ಒಳಗೇ ಸುತ್ತುತ್ತವೆ.

ನಮ್ಮಲ್ಲಿ ಸೇರಿಸಿಕೊಳ್ಳುವುದು ಹೆಚ್ಚಾಗಿ ಗಂಡನ ಸ್ವಂತ ಹೆಸರನ್ನು. ಉದಾಹರಣೆಗೆ ಗಂಡನ ಪಾಸ್‌ಪೋರ್ಟಿನಲ್ಲಿ ಹೆಸರು ರಮೇಶ, ಕೊನೆಯ ಹೆಸರು ಹೆಗಡೆ ಎಂದಿದ್ದರೆ, ಸವಿತಾ ಎಂಬವರು ಈ ಲೈಸೆನ್ಸಿನ ಮೂಲಕ ಸವಿತಾ ಹೆಗಡೆ ಆಗಬಹುದೇ ಹೊರತು ಸವಿತಾ ರಮೇಶ ಆಗಲಾರರು. ಹಾಗೆ ಆಗಲೇಬೇಕೆಂದಿದ್ದರೆ ನ್ಯಾಯಾಲಯದಲ್ಲಿ ಹೆಸರು ಬದಲಾವಣೆಯ ಅರ್ಜಿ ಹಾಕಬೇಕು. ಗಂಡನ ಪಾಸ್‌ಪೋರ್ಟಿನಲ್ಲಿ ರಮೇಶ ಎಂಬುದೇ ಕೊನೆಯ ಹೆಸರಿನ ಸ್ಥಾನದಲ್ಲಿ ಕುಳಿತಿದ್ದರೆ ಮಾತು ಬೇರೆ. ಕಾನೂನು ನೋಡುವುದು ಹೆಸರಿನ ಅರ್ಥವನ್ನಲ್ಲ, ಅದು ಕುಳಿತ ಸ್ಥಾನವನ್ನು. ಊರು, ತಂದೆ, ಸ್ವಂತ ಹೆಸರು ಎಂದು ಮೂರು ಅಂತಸ್ತಿನಲ್ಲಿ ಹೆಸರು ಕಟ್ಟುವ ನಮಗೆ ಇದು ವಿಚಿತ್ರವೆನಿಸುವುದು ಸಹಜ.

ಈ ಅಂಕಣವನ್ನು ತುಂಬುವ ಮೊದಲು ಎರಡು ಸಲ ಯೋಚಿಸಿ. ಲೈಸೆನ್ಸ್ ಕೊಟ್ಟ ಮೇಲೆ ಅಕ್ಷರದೋಷವನ್ನು ತಿದ್ದಿಸಬಹುದು, ಮನಸ್ಸು ಬದಲಾಯಿತೆಂದು ಹೆಸರನ್ನು ತಿದ್ದಿಸಲಾಗದು. ವೀಸಾದ ಮೇಲಿರುವವರಿಗೆ ಹೆಸರು ಬದಲಾದರೆ ಪಾಸ್‌ಪೋರ್ಟ್, ಸೋಶಿಯಲ್ ಸೆಕ್ಯೂರಿಟಿ ದಾಖಲೆ, ಡ್ರೈವಿಂಗ್ ಲೈಸೆನ್ಸ್, ಕಂಪನಿ ಸಲ್ಲಿಸಿದ ವಲಸೆ ಅರ್ಜಿ ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಸರಿಪಡಿಸಬೇಕಾಗುತ್ತದೆ. ಹೆಸರು ಬದಲಿಸುವುದು ಕಡ್ಡಾಯವಲ್ಲ. ಈಗಿನ ಹೆಸರೇ ಮುಂದುವರಿಯಲಿ ಎನ್ನುವವರಿಗೆ ಅಂಕಣ ಖಾಲಿ ಬಿಟ್ಟರೆ ಯಾವ ತೊಂದರೆಯೂ ಇಲ್ಲ, ಮದುವೆಯ ಸಿಂಧುತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನನ್ನು ಕೇಳಿದರೆ ಖಾಲಿ ಬಿಡಿ ಎಂದೇ ಹೇಳುತ್ತೇನೆ. ಆದರೆ ಇದು ನಿಮ್ಮ ಮನೆಯ ವಿಷಯ.

ಪ್ರಶ್ನೆ (ಸ್ಯಾನ್ ಹೋಸೆಯ ಸದಸ್ಯರು): ಹುಡುಗಿ ಮೈಸೂರಿನಲ್ಲಿದ್ದಾಳೆ. ಅವಳು ವಿಡಿಯೋ ಕರೆಯಲ್ಲಿ ಹಾಜರಾದರೆ ಕೌಂಟಿಯವರು ಲೈಸೆನ್ಸ್ ಕೊಡುವುದಿಲ್ಲವೇ? ಕೋವಿಡ್ ಕಾಲದಲ್ಲಿ ಹಾಗೆ ಆಗಿತ್ತೆಂದು ಕೇಳಿದ್ದೇನೆ.

ಉತ್ತರ: ಕೋವಿಡ್ ಕಾಲದ ವಿಡಿಯೋ ವ್ಯವಸ್ಥೆಯಲ್ಲೂ ಇಬ್ಬರೂ ಕ್ಯಾಲಿಫೋರ್ನಿಯಾದೊಳಗೇ ಇರಬೇಕೆಂಬ ಷರತ್ತಿತ್ತು. ಒಬ್ಬರ ಪರವಾಗಿ ಇನ್ನೊಬ್ಬರು ನಿಂತು ಮದುವೆಯಾಗುವ ಸೌಲಭ್ಯವನ್ನು ಈ ರಾಜ್ಯವು ಹೊರದೇಶದಲ್ಲಿ ಯುದ್ಧ ಕರ್ತವ್ಯದಲ್ಲಿರುವ ಸೈನಿಕರಿಗೆ ಮಾತ್ರ ಕೊಟ್ಟಿದೆ. ಯೂಟಾ ರಾಜ್ಯದ ಯೂಟಾ ಕೌಂಟಿಯು ಆನ್‌ಲೈನ್‌ನಲ್ಲೇ ಲೈಸೆನ್ಸ್ ಕೊಡುವುದು ನಿಜ. ಆದರೆ ಒಬ್ಬರ ಮುಂದೆ ಇನ್ನೊಬ್ಬರಿಲ್ಲದೆ ನಡೆದ ಮದುವೆಯನ್ನು, ಆ ಬಳಿಕ ದಂಪತಿಗಳು ಒಂದೆಡೆ ಸೇರಿ ಸಂಸಾರ ಮಾಡದ ಹೊರತು, ಅಮೆರಿಕದ ವಲಸೆ ಕಾನೂನು ಮದುವೆಯೆಂದು ಎಣಿಸುವುದಿಲ್ಲ. ವೀಸಾಕ್ಕಾಗಿ ಈ ದಾರಿ ಹಿಡಿಯುವವರು ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು. ನಿಮ್ಮ ಸ್ಥಿತಿಯಲ್ಲಿ ಮೈಸೂರಿಗೆ ಹೋಗಿ ಮದುವೆಯಾಗಿ ಅಲ್ಲಿಯೇ ನೋಂದಣಿ ಮಾಡಿಸುವುದು ಅಗ್ಗ, ಸುಲಭ, ಹುಡುಗಿಯ ತಂದೆತಾಯಿಗೆ ಸಂತೋಷವೂ ಹೌದು.

ಪ್ರಶ್ನೆ (ಸಾಂಟಾ ಕ್ಲಾರಾದ ಸದಸ್ಯರು): ನಾವು ಹತ್ತು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಮದುವೆಯಾದವರು, ಆಗ ನೋಂದಣಿ ಮಾಡಿಸಲಿಲ್ಲ. ಈಗ ಪ್ರಮಾಣಪತ್ರ ಬೇಕಾಗಿದೆ. ಇಲ್ಲಿನ ಕೌಂಟಿಯಲ್ಲಿ ನೋಂದಾಯಿಸಬಹುದೇ?

ಉತ್ತರ: ಆಗುವುದಿಲ್ಲ. ಹೊರದೇಶದಲ್ಲಿ ನಡೆದ ಮದುವೆಯನ್ನು ಕೌಂಟಿ ದಾಖಲಿಸಿಕೊಳ್ಳುವುದಿಲ್ಲ; ಅಲ್ಲಿ ಸಿಂಧುವಾದ ಮದುವೆ ಇಲ್ಲಿಯೂ ಸಿಂಧುವೆಂದು ಕ್ಯಾಲಿಫೋರ್ನಿಯಾದ ಕಾನೂನು ಒಪ್ಪುತ್ತದೆ, ಅಷ್ಟೆ. ಊರಿಗೆ ಹೋದಾಗ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಲಗ್ನಪತ್ರಿಕೆ, ಮದುವೆಯ ಫೋಟೋ ಮತ್ತು ಸಾಕ್ಷಿಗಳು ಬೇಕಾಗುತ್ತಾರೆ. ಹಳೆಯ ಟ್ರಂಕಿನಲ್ಲಿ ಪತ್ರಿಕೆಯ ಒಂದು ಪ್ರತಿ ಉಳಿದಿದೆಯೇ ಎಂದು ಮನೆಯವರನ್ನು ಈಗಲೇ ಕೇಳಿ. ಕಾಗದ ಬೇಕೆಂಬ ಕಾರಣಕ್ಕೆ ಇಲ್ಲಿ ಹೊಸದಾಗಿ ಮದುವೆಯಾದಂತೆ ತೋರಿಸಬೇಡಿ. ಒಂದೇ ಜೋಡಿಯ ಮದುವೆಗೆ ಎರಡು ದಿನಾಂಕಗಳು ಹುಟ್ಟಿಕೊಂಡರೆ, ಮುಂದೆ ಪ್ರತಿ ಅರ್ಜಿಯಲ್ಲೂ ಅದಕ್ಕೆ ವಿವರಣೆ ಕೊಡುತ್ತ ಹೋಗಬೇಕಾಗುತ್ತದೆ.

ಪ್ರಶ್ನೆ (ಮಿಲ್ಪಿಟಾಸ್‌ನ ಸದಸ್ಯೆ): ಅದೇ ದಿನಾಂಕದ ಬಗ್ಗೆ ನನ್ನದೂ ಒಂದು ಪ್ರಶ್ನೆ. ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ದೊಡ್ಡ ಮದುವೆಯಿದೆ. ಅದಕ್ಕೆ ಮುಂಚೆ ಇಲ್ಲಿ ಕೌಂಟಿ ಕಚೇರಿಯಲ್ಲೇ ಸರಳವಾಗಿ ಮದುವೆಯಾಗಿಬಿಡೋಣ ಎಂದು ಹುಡುಗ ಹೇಳುತ್ತಿದ್ದಾರೆ. ಮನೆಯಲ್ಲಿ ಅದನ್ನು "ಬರೀ ಪೇಪರ್ ಕೆಲಸ" ಎನ್ನುತ್ತಿದ್ದಾರೆ.

ಉತ್ತರ: ಮನೆಯವರ ಕಣ್ಣಿಗೆ ಪೇಪರ್ ಕೆಲಸ, ಕಾನೂನಿನ ಕಣ್ಣಿಗೆ ಪೂರ್ಣ ಮದುವೆ. ಕೌಂಟಿ ಕಚೇರಿಯಲ್ಲಿ ಆ ದಿನ ಒಪ್ಪಿಗೆ ಹೇಳಿದ ಗಳಿಗೆಯಿಂದ ನೀವು ವಿವಾಹಿತರು. ದಾವಣಗೆರೆಯ ಮಂಟಪದಲ್ಲಿ ಏನಾದರೂ ಮನಸ್ತಾಪವಾಗಿ ಮದುವೆ ನಿಂತರೂ, ಇಲ್ಲಿನ ಮದುವೆಯನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನಕ್ಕೆ ಕನಿಷ್ಠ ಆರು ತಿಂಗಳು ಕಾಯಬೇಕು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹೀಗೆ ಮಾಡಿ ಸುಖವಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಹಿರಿಯರಿಗೆ ವಿಷಯ ಸರಿಯಾಗಿ ತಿಳಿದಿರಲಿ ಎಂದಷ್ಟೇ ನನ್ನ ಮಾತು. ಆಮೇಲೆ ವೀಸಾ, ತೆರಿಗೆ, ಪಾಸ್‌ಪೋರ್ಟ್ ಎಲ್ಲ ಕಡೆಯೂ ಇಲ್ಲಿನ ದಿನಾಂಕವನ್ನೇ ಮದುವೆಯ ದಿನಾಂಕವೆಂದು ಬರೆಯಿರಿ. ಈ ಪ್ರಮಾಣಪತ್ರವನ್ನು ಭಾರತದಲ್ಲಿ ತೋರಿಸಬೇಕಾದರೆ, ದೃಢೀಕೃತ ಪ್ರತಿಯ ಮೇಲೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟೀಲ್ (ದಾಖಲೆಯನ್ನು ಬೇರೆ ದೇಶದಲ್ಲಿ ಒಪ್ಪುವಂತೆ ಮಾಡುವ ದೃಢೀಕರಣ) ಹಾಕಿಸಿಕೊಳ್ಳಿ. ಅದನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತವು 2005ರಿಂದ ಇದೆ.

ಪ್ರಶ್ನೆ (ಇಲಿನಾಯ್‌ನ ಸದಸ್ಯರು): ಈ ನಿಯಮಗಳೆಲ್ಲ ನಮ್ಮ ಕಡೆಗೂ ಅನ್ವಯಿಸುತ್ತವೆಯೇ?

ಉತ್ತರ: ಇಲ್ಲ, ಮದುವೆಯ ಕಾನೂನು ರಾಜ್ಯಕ್ಕೊಂದು. ನಿಮ್ಮ ಇಲಿನಾಯ್‌ನಲ್ಲಿ ಲೈಸೆನ್ಸ್ ಕೊಟ್ಟ ಮರುದಿನದಿಂದ ಜಾರಿಗೆ ಬಂದು 60 ದಿನ ಇರುತ್ತದೆ, ಮತ್ತು ಕೊಟ್ಟ ಕೌಂಟಿಯಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ಮದುವೆಯ ಮಂಟಪವಿರುವ ಕೌಂಟಿ ಯಾವುದೆಂದು ನೋಡಿ ಅಲ್ಲಿಗೇ ಹೋಗಬೇಕು. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ 72 ಗಂಟೆ ಕಾಯಬೇಕು. ನ್ಯೂಜೆರ್ಸಿಯಲ್ಲೂ 72 ಗಂಟೆಯೇ, ಆದರೆ ಅಲ್ಲಿ ಲೈಸೆನ್ಸ್ ಕೊಡುವುದು ಕೌಂಟಿಯಲ್ಲ, ಊರಿನ ರಿಜಿಸ್ಟ್ರಾರ್.

ಸನಿವೇಲ್‌ನ ಸದಸ್ಯರು: ಕೊನೆಯದಾಗಿ ಒಂದು ಮಾತು ಮೇಡಂ. ಸಹಿಯಾದ ಕಾಗದ ಹಿಂದಿರುಗಿಸುವ ಮೊದಲೇ ಕಳೆದುಹೋದರೆ ಮತ್ತೆ ಮದುವೆಯಾಗಬೇಕೇ?

ಉತ್ತರ: ಬೇಡ. ಮದುವೆ ಮಾಡಿಸಿದ ಪುರೋಹಿತರೇ ನಡೆದದ್ದನ್ನು ತಿಳಿಸುವ ಅಫಿಡವಿಟ್ ಬರೆದುಕೊಟ್ಟು ನಕಲು ಲೈಸೆನ್ಸ್ ಪಡೆದು, ಅದಕ್ಕೆ ಮತ್ತೆ ಸಹಿ ಹಾಕಿ ಸಲ್ಲಿಸಬಹುದು. ಮೂಲ ಲೈಸೆನ್ಸ್ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ಇದು ಆಗಬೇಕು. ಪುರೋಹಿತರು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೋ ಊರಿಗೋ ಹೊರಟುಬಿಟ್ಟರೆ ಅವರನ್ನು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಅವರ ಫೋನ್ ನಂಬರನ್ನೂ ವಿಳಾಸವನ್ನೂ ಮದುವೆಯ ದಿನವೇ ಬರೆದಿಟ್ಟುಕೊಳ್ಳಿ.