35 ಸಾವಿರ ಅಂದುಕೊಂಡಿದ್ದೆ, ಬಂದದ್ದು 27,979

ಪ್ರಶ್ನೆ: ಸರ್, ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಗೆ ಹೋದ ತಿಂಗಳು ಸೇರಿದೆ. ಇದೇ ಮೊದಲ ನೌಕರಿ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 4.2 ಲಕ್ಷ ಸಿಟಿಸಿ ಅಂತ ಇತ್ತು. ತಿಂಗಳಿಗೆ 35 ಸಾವಿರ ಅಂತ ಎಲ್ಲರಿಗೂ ಹೇಳಿ, ಕುಂದಾ ಹಂಚಿದ್ದೂ ಆಯ್ತು. ಖಾತೆಗೆ ಬಂದ ಪಗಾರ 27,979. ಏಳು ಸಾವಿರ ಟ್ಯಾಕ್ಸ್‌ಗೇ ಹೋಯ್ತಾ? ಲೆಟರ್ ಫೋಟೋ ಹಾಕಿದ್ದೇನೆ.

ಉತ್ತರ: ಕುಂದಾ ವ್ಯರ್ಥ ಆಗಿಲ್ಲ ಬಿಡಿ. ಪಗಾರದ ಲೆಕ್ಕ ಮಾಡೋದೇ ನನ್ನ ಕೆಲಸ, ಈ ಪ್ರಶ್ನೆ ಪ್ರತಿ ಜೂನ್-ಜುಲೈಗೆ ಬರುತ್ತೆ. ಸಿಟಿಸಿ ಅಂದರೆ ನಿಮ್ಮ ಪಗಾರ ಅಲ್ಲ, ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು.

ನಿಮ್ಮ ಲೆಟರ್‌ನಲ್ಲಿ ಬೇಸಿಕ್, ಅಂದರೆ ಮೂಲ ವೇತನ, 15,000. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 12 ಪರ್ಸೆಂಟ್, ಅಂದರೆ 1,800. ಗ್ರಾಚ್ಯುಟಿಗೆ, ಅಂದರೆ ನೌಕರಿ ಬಿಡುವಾಗ ಕೊಡುವ ಇಡಿಗಂಟಿಗೆ ಅಂತ ಎತ್ತಿಟ್ಟಿದ್ದು 721. ವರ್ಷದ ಕೊನೆಗೆ ಕೊಡುವ 30,000 ವೇರಿಯಬಲ್ (ಹೆಚ್ಚು-ಕಡಿಮೆ ಆಗಬಹುದಾದ ಭಾಗ) ಅನ್ನೂ ತಿಂಗಳಿಗೆ 2,500ರಂತೆ ಇದರಲ್ಲೇ ಸೇರಿಸಿದ್ದಾರೆ. ಈ ಮೂರು ತೆಗೆದರೆ ಉಳಿಯೋದು 29,979. ಇದೇ ಗ್ರಾಸ್, ಕಡಿತಕ್ಕೆ ಮುಂಚಿನ ತಿಂಗಳ ಪಗಾರ. ಏಳು ಸಾವಿರದಲ್ಲಿ ಐದು ಸಾವಿರ ಇಲ್ಲೇ ಹೋಯ್ತು ನೋಡಿ, ಇನ್ನೂ ಒಂದು ರೂಪಾಯಿ ಕಟ್ ಆಗೋ ಮುಂಚೆ!

ಆಮೇಲೆ ನಿಮ್ಮ ಪಾಲಿನ ಪಿಎಫ್ 1,800, ರಾಜ್ಯ ಸರ್ಕಾರದ ಪ್ರೊಫೆಷನಲ್ ಟ್ಯಾಕ್ಸ್ (ವೃತ್ತಿ ತೆರಿಗೆ) 200. ಉಳಿದದ್ದು 27,979. ಫೆಬ್ರವರಿಯಲ್ಲಿ ಈ 200 ಮಾತ್ರ 300 ಆಗುತ್ತೆ, ಆಗ ಗಾಬರಿ ಆಗಬೇಡಿ. ಇನ್‌ಕಮ್ ಟ್ಯಾಕ್ಸ್ ಸೊನ್ನೆ. 2025-26ರ ಹೊಸ ಪದ್ಧತಿಯಲ್ಲಿ ಪಗಾರ 12.75 ಲಕ್ಷ ಇದ್ದವರಿಗೂ ಅದು ಬರೋಲ್ಲ.

ಪ್ರಶ್ನೆ: ಪಿಎಫ್ ಬೇಡ ಅಂತ ಬರೆದುಕೊಡಬಹುದಾ? ಇನ್ನೊಂದು, ಕಂಪನಿ 1,800 ಕಟ್ಟುತ್ತೆ ಅಂತೀರಿ, ಪಾಸ್‌ಬುಕ್‌ನಲ್ಲಿ ಅವರ ಪಾಲು ಬರೀ 550 ತೋರಿಸ್ತಿದೆ.

ಉತ್ತರ: ಆಗಲ್ಲ. ಮೊದಲ ಸಲ ಸೇರುವಾಗ ಬೇಸಿಕ್ 15,000ಕ್ಕಿಂತ ಜಾಸ್ತಿ ಇದ್ದವರಿಗೆ ಮಾತ್ರ ಆ ದಾರಿ. ನಿಮ್ಮದು ಸರಿಯಾಗಿ 15,000, ಗೆರೆಯ ಒಳಗೇ ಇದೆ. ನನ್ನ ಕೇಳಿದರೆ ಬಿಡೋದೂ ಬೇಡ. ನಿಮ್ಮ 1,800ಕ್ಕೆ ಬಡ್ಡಿ ಬರುತ್ತೆ, ಅವರ ಪಾಲೂ ಬರುತ್ತೆ.

550 ಸರಿಯಾಗೇ ಇದೆ. ಕಂಪನಿಯ 12 ಪರ್ಸೆಂಟ್‌ನಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತೆ, ಅಂದರೆ 1,250. ಅದನ್ನು ಪಾಸ್‌ಬುಕ್‌ನಲ್ಲಿ ಪಕ್ಕದ ಕಾಲಂನಲ್ಲಿ ನೋಡಿ. ಯಾರೂ ನುಂಗಿಲ್ಲ.

ಗ್ರಾಚ್ಯುಟಿ ವಿಷಯ ಬೇರೆ. ಕಾಯಂ ನೌಕರಿಯಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬದೆ ಅದು ಕೈಗೆ ಸಿಗೋಲ್ಲ. ಎರಡು ವರ್ಷಕ್ಕೆ ನೌಕರಿ ಬದಲಿಸುವ ಯೋಚನೆ ಇದ್ದರೆ ಆ 721 ಅನ್ನು ಸುಮ್ನೆ ಮರೆತುಬಿಡಿ.

ಪ್ರಶ್ನೆ (ಬಾಗಲಕೋಟೆಯಿಂದ): ನನ್ನ ಅಕ್ಕ ನವನಗರದ ಲ್ಯಾಬ್‌ನಲ್ಲಿದ್ದಾರೆ. ಗ್ರಾಸ್ 20,600 ಇತ್ತು, ಈ ಜೂನ್‌ನಿಂದ 21,400 ಆಗಿದೆ. ಈಗಲೂ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಹಿಡೀತಿದ್ದಾರೆ. 21,000 ದಾಟಿದರೆ ನಿಲ್ಲಬೇಕಲ್ವಾ?

ಉತ್ತರ: ನಿಲ್ಲಬೇಕು, ಆದರೆ ನಡುವೆ ಅಲ್ಲ. ಇಎಸ್‌ಐಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿ ಶುರುವಾದ ಮೇಲೆ ಪಗಾರ ಏರಿದರೆ ಆ ಅವಧಿ ಮುಗಿಯುವ ತನಕ ಹಿಡಿಯಲೇಬೇಕು. ಸೆಪ್ಟೆಂಬರ್ ತನಕ 0.75 ಪರ್ಸೆಂಟ್, ಅಂದರೆ ತಿಂಗಳಿಗೆ 161 ಹೋಗುತ್ತೆ. ಅವರ ಲೆಕ್ಕದ ವಿಭಾಗ ಸರಿಯಾಗೇ ಮಾಡಿದೆ. ಪ್ರೊಫೆಷನಲ್ ಟ್ಯಾಕ್ಸ್ ಅವರಿಗಿಲ್ಲ, ನಮ್ಮ ರಾಜ್ಯದಲ್ಲಿ ಅದು ಶುರುವಾಗೋದು 25,000ಕ್ಕೆ.

ಒಂದು ಮಾತು ಕೇಳಿ. ಅಕ್ಕನಿಗೆ ಏರಿದ್ದು 800. ಅಕ್ಟೋಬರ್‌ನಿಂದ ಆ 161 ಉಳಿಯುತ್ತೆ ನಿಜ, ಆದರೆ ಮನೆಮಂದಿಗೆಲ್ಲ ಇದ್ದ ಚಿಕಿತ್ಸೆಯ ಸೌಲಭ್ಯ ಮುಂದಿನ ಜೂನ್ ಕೊನೆಗೆ ನಿಲ್ಲುತ್ತೆ. ಮನೆಯಲ್ಲಿ ಅಪ್ಪ-ಅಮ್ಮನ ಔಷಧಿ ಅದರಲ್ಲೇ ನಡೀತಿದ್ರೆ, ಲ್ಯಾಬ್‌ನವರು ಗುಂಪು ವಿಮೆ ಮಾಡಿಸ್ತಾರಾ ಅಂತ ಈಗಲೇ ಕೇಳಲು ಹೇಳಿ.

ಪ್ರಶ್ನೆ: ಸರ್, ಉದ್ಯಮಬಾಗದವನೇ ಮತ್ತೆ. ಕೊಲ್ಲಾಪುರದಲ್ಲಿ 4.5 ಲಕ್ಷ ಅಂತಿದ್ದಾರೆ. ಅಲ್ಲಿ ಕಟ್ ಜಾಸ್ತಿನಾ?

ಉತ್ತರ: ಪ್ರೊಫೆಷನಲ್ ಟ್ಯಾಕ್ಸ್ ಅಲ್ಲೂ ನಿಮಗೆ 200, ಫೆಬ್ರವರಿಗೆ 300. ಪಿಎಫ್ ದೇಶಕ್ಕೆಲ್ಲ ಒಂದೇ. ಆ 4.5ರಲ್ಲಿ ವೇರಿಯಬಲ್ ಎಷ್ಟು, ಗ್ರಾಸ್ ಎಷ್ಟು ಅಂತ ಬರಹದಲ್ಲಿ ಕೇಳಿ. ಬಂದ ಮೇಲೆ ಇಲ್ಲೇ ಹಾಕಿ, ರೂಮಿನ ಬಾಡಿಗೆಯನ್ನೂ ಕಳೆದು ನೋಡೋಣ.