ಮುಂಬೈ ಫೋರ್ಟ್‌ನ ಬೋರಾ ಬಜಾರ್ ಕಟ್ಟಡದ ರಿಪೇರಿ: ನೋಡಿಕೊಳ್ಳುವವರು ಯಾರು?

ಭಟ್, ನಾಲ್ಕನೇ ಮಹಡಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ರಸ್ತೆ ಕಡೆಯ ಬಾಲ್ಕನಿಯ ಎರಡು ಸಾಗುವಾನಿ ಕಂಬಗಳನ್ನು ಇಂದು ಬೆಳಿಗ್ಗೆ ಕಳಚಿ ಇಳಿಸಿದರು. ಮಧ್ಯಾಹ್ನ ನೋಡಿದರೆ ಎರಡೂ ಇಲ್ಲ. ಟೆಂಪೋದಲ್ಲಿ ಹೋಗಿವೆಯಂತೆ. ಮೇಸ್ತ್ರಿಯನ್ನು ಕೇಳಿದೆ. ಗೆದ್ದಲು ಹಿಡಿದಿತ್ತು, ಅದರ ಬದಲು ಕಬ್ಬಿಣದ ಗರ್ಡರ್ ಬರುತ್ತದೆ ಎಂದರು. ಕಳಚುವಾಗ ತೆಗೆದ ಫೋಟೋ ಹಾಕಿದ್ದೇನೆ. ಹಾಳಾಗಿದ್ದು ಬುಡದ ಒಂದಡಿ ಮಾತ್ರ. ಮೇಲೆ ಕೆತ್ತನೆಯ ಬ್ರಾಕೆಟ್ ತನಕ ಮರ ಗಟ್ಟಿಯಾಗಿದೆ. ಬುಡ ಕೊಯ್ದು ಹೊಸ ಸಾಗುವಾನಿ ತುಂಡು ಸೇರಿಸಿದ್ದರೆ ಸಾಕಿತ್ತು. ಆ ಕೆಲಸ ಬಲ್ಲ ಬಡಗಿಗಳು ಈಗಲೂ ಸಿಗುತ್ತಾರೆ.

ಗೋಡೆಯ ಚಿಂತೆ ಇನ್ನೂ ಜಾಸ್ತಿ. ಹಿಂಭಾಗದಲ್ಲಿ ಹಳೆಯ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್ ಹಾಕುತ್ತಿದ್ದಾರೆ. ನಮ್ಮದು ಇಟ್ಟಿಗೆ, ಸುಣ್ಣ, ಮರದ ತೊಲೆಗಳ ಕಟ್ಟಡ. ಮಳೆಗಾಲದಲ್ಲಿ ಗೋಡೆ ನೀರು ಹೀರುತ್ತದೆ, ಆಮೇಲೆ ಸುಣ್ಣದ ಗಾರೆಯ ಮೂಲಕ ಒಣಗುತ್ತದೆ. ಸಿಮೆಂಟ್ ಮುಚ್ಚಿದರೆ ಆ ತೇವ ಒಳಗೇ ನಿಲ್ಲುತ್ತದೆ. ಗೋಡೆಯೊಳಗೆ ಕೂತಿರುವ ತೊಲೆಯ ತುದಿ ಅದರಿಂದ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ಬಣ್ಣ, ಹೊಸ ಕಟ್ಟಡದ ಹಾಗೆ ಕಾಣುತ್ತದೆ. ಒಳಗೆ ನಮ್ಮ ತಲೆ ಮೇಲಿನ ಅಟ್ಟವನ್ನು ಹೊತ್ತ ಮರ ಕರಗುತ್ತಿರುತ್ತದೆ.

ರಿಪೇರಿ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಅನುಮತಿ ಮೇಲೆ ನಡೆಯುತ್ತಿದೆ, ಯಾವ ಎಂಜಿನಿಯರ್ ಸಹಿ ಹಾಕಿದ್ದಾರೆ? ಗೇಟಿನ ಬಳಿ ಒಂದು ಬೋರ್ಡ್ ಕೂಡ ಇಲ್ಲ. ನಾವು ಕೇಳಬೇಕು ಅಲ್ವಾ?

ಪೂಜಾರಿ, ಎರಡನೇ ಮಹಡಿ
ಭಟ್ರೇ, ವರ್ಷಗಳಿಂದ ಬೇಡಿಕೊಂಡ ಮೇಲೆ ಈಗ ಮಾಲೀಕರು ಕೆಲಸ ಶುರು ಮಾಡಿಸಿದ್ದಾರೆ. ಈಗ ತಡೆದರೆ ಸಾರವೆ ಹಾಗೇ ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆ. ನಮ್ಮ ಅಡುಗೆಮನೆ ಸೋರುವುದು ನಿಲ್ಲುವುದಿಲ್ಲ.

ಕಾಮತ್, ಮೂರನೇ ಮಹಡಿ
ನನಗೂ ಭಯ. 2020ರ ಜುಲೈಯಲ್ಲಿ ಮಿಂಟ್ ರೋಡಿನ ಭಾನುಶಾಲಿ ಕಟ್ಟಡ ಕುಸಿದದ್ದು ನೆನಪಿದೆ ಅಲ್ವಾ? ಇಲ್ಲಿಂದ ನಡೆದು ಹೋಗುವ ದೂರ. 10 ಮಂದಿ ಹೋದರು. ಕಂಬ ಮರದ್ದೋ ಕಬ್ಬಿಣದ್ದೋ, ನನಗೆ ನಿಲ್ಲುವ ಕಟ್ಟಡ ಬೇಕು.

ಭಟ್, ನಾಲ್ಕನೇ ಮಹಡಿ
ಕಾಮತ್ ಅಕ್ಕ, ನಾನು ಕೇಳುತ್ತಿರುವುದೂ ಅದನ್ನೇ. ಅಂದಕ್ಕಾಗಿ ಅಷ್ಟೇ ಹೇಳಿದ್ದರೆ ನೀವು ಬೈಯಬಹುದಿತ್ತು. ಮರದ ಅಟ್ಟದ ಪಕ್ಕ ಕಬ್ಬಿಣದ ಗರ್ಡರ್ ತೂರಿಸುವಾಗ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಲೆಕ್ಕ ಹಾಕಬೇಕು. ಮೇಸ್ತ್ರಿ ಕಣ್ಣಂದಾಜಿನಲ್ಲಿ ಮಾಡುವ ಕೆಲಸ ಅದಲ್ಲ.

ರಾವ್, ಪಕ್ಕದ ಕಟ್ಟಡ
ನಾನು ಆರ್ಕಿಟೆಕ್ಚರ್ ಓದುತ್ತಿರುವವಳು. ಗೊತ್ತಿರುವಷ್ಟು ಹೇಳುತ್ತೇನೆ.

ಹೆರಿಟೇಜ್ ಕಟ್ಟಡಗಳಿಗೆ ಮುಂಬೈಯಲ್ಲಿ ನಿಯಮ ಬಂದದ್ದು 1995ರಲ್ಲಿ. ದೇಶದಲ್ಲಿ ಇಂಥ ನಿಯಮ ಮಾಡಿದ ಮೊದಲ ನಗರ ನಮ್ಮದು. ಒಂದೊಂದೇ ಕಟ್ಟಡಕ್ಕೆ ಗ್ರೇಡ್ 1, 2ಎ, 2ಬಿ, 3 ಎಂದು ಕೊಟ್ಟಿದ್ದಾರೆ. ಜೊತೆಗೆ ಇಡೀ ಪ್ರದೇಶಗಳೂ ಪಟ್ಟಿಯಲ್ಲಿವೆ, ಫೋರ್ಟ್ ಅದರಲ್ಲಿ ಒಂದು. ಹಾಗಾಗಿ ನಿಮ್ಮ ಕಟ್ಟಡಕ್ಕೆ ಪ್ರತ್ಯೇಕ ಗ್ರೇಡ್ ಇಲ್ಲದಿದ್ದರೂ ನಿಯಮ ಅನ್ವಯಿಸುತ್ತದೆ. ರಿಪೇರಿ, ಪ್ಲಾಸ್ಟರ್, ಬಣ್ಣ ಬಳಿಯುವುದು ಕೂಡ ಆ ನಿಯಮದೊಳಗೆ ಬರುತ್ತದೆ. ಮುಂಚೆಯೇ ಪಾಲಿಕೆ ಕಮಿಷನರ್ ಲಿಖಿತ ಅನುಮತಿ ಬೇಕು. ಅವರಿಗೆ ಸಲಹೆ ಕೊಡುವುದು ಹೆರಿಟೇಜ್ ಸಮಿತಿ. ಮುಂಬೈಯ ಈಗಿನ ಕಟ್ಟಡ ನಿಯಮಾವಳಿ ಡಿಸಿಪಿಆರ್ 2034ರಲ್ಲಿ ಇದು 52ನೇ ನಿಯಮ.

ಸಮಿತಿಯವರು ಓಣಿ ಓಣಿ ಸುತ್ತಿ ಕಾವಲು ಕಾಯಲು ಆಗುವುದಿಲ್ಲ. ಅವರ ಮುಂದೆ ಫೈಲ್ ಬಂದರೆ ನೋಡುತ್ತಾರೆ. ಫೈಲೇ ಹೋಗದಿದ್ದರೆ? ಅಲ್ಲಿ ವಾಸ ಇರುವವರೇ ಹೇಳಬೇಕು.

ಶೆಟ್ಟಿ, ನೆಲಮಹಡಿ ಹೋಟೆಲ್
ಒಳ್ಳೆಯದು ಹೇಳಿದೆ ತಂಗಿ. ನಮ್ಮ ಊರಿನ ಎಷ್ಟು ಹುಡುಗರು ಈ ಓಣಿಯ ಅಟ್ಟಗಳಲ್ಲಿ ಮಲಗಿ, ಹಗಲು ಹೋಟೆಲ್ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದರು! ನನ್ನ ತಂದೆಯೂ ಹಾಗೇ ಬಂದವರು. ಗೇಟ್‌ವೇ, ಸಿಎಸ್‌ಎಂಟಿ ರೈಲು ನಿಲ್ದಾಣ ನೋಡಿಕೊಳ್ಳಲು ಸರ್ಕಾರ ಇದೆ. ಈ ಮರದ ಬಾಲ್ಕನಿಗಳಿಗೆ ಯಾರಿದ್ದಾರೆ ಮಾರಾಯ್ರೇ?

ಇನ್ನೊಂದು ವಿಷಯ. ಮಾಡಿನ ಮಂಗಳೂರು ಹಂಚು ಇಳಿಸಿ ಹಿತ್ತಲಲ್ಲಿ ರಾಶಿ ಹಾಕಿದ್ದಾರೆ. ಮೇಲೆ ತಗಡಿನ ಶೀಟ್ ಹಾಕುತ್ತಾರಂತೆ. ಹಂಚು ಬಹುಪಾಲು ಚೆನ್ನಾಗಿದೆ, ನಾನೇ ತಟ್ಟಿ ನೋಡಿದೆ. ಒಡೆದದ್ದನ್ನು ಬದಲಿಸಿ, ಕೆಳಗಿನ ಮರದ ಪಕ್ಕಾಸು ರೀಪು ಸರಿ ಮಾಡಿದರೆ ಸಾಕು. ಅದೂ ಟೆಂಪೋ ಹತ್ತುವ ಮುಂಚೆ ಏನಾದರೂ ಮಾಡಬೇಕು.

ಪೂಜಾರಿ, ಎರಡನೇ ಮಹಡಿ
ಎಲ್ಲ ಸರಿ. ಆದರೆ ನಾವು ಪಗಡಿ ಬಾಡಿಗೆದಾರರು, ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಇರುವವರು. ಕೆಲವರು ಕಟ್ಟಡ ಬಿದ್ದರೂ ಹೊಸದರಲ್ಲಿ ಮನೆ ಸಿಗುತ್ತದೆ ಎಂದು ಕಾಯುತ್ತಿದ್ದಾರೆ. ಅವರಿಗೆ ಏನು ಹೇಳುತ್ತೀರಿ?

ಭಟ್, ನಾಲ್ಕನೇ ಮಹಡಿ
ನೇರವಾಗಿ ಹೇಳುತ್ತೇನೆ. ರಿಪೇರಿಗೆಂದು ಸೆಸ್ ತೆರಿಗೆ ಕಟ್ಟುವ ಹಳೆಯ ಕಟ್ಟಡ ಮತ್ತೆ ಕಟ್ಟಿದರೆ ಅದೇ ಡಿಸಿಪಿಆರ್‌ನ 33(7)ನೇ ನಿಯಮದಲ್ಲಿ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಸಿಗುತ್ತದೆ, ಅದು ನಿಜ. ಸಿಗುವುದು ಯಾವಾಗ ಎನ್ನುವುದೇ ಪ್ರಶ್ನೆ. ಕಾಲಾ ಘೋಡಾದ ಎಸ್‌ಪ್ಲನೇಡ್ ಮ್ಯಾನ್ಷನ್ ನೋಡಿ. ಅದು ಮೊದಲು ವಾಟ್ಸನ್ ಹೋಟೆಲ್. 1896ರಲ್ಲಿ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ ಜಾಗ. ಹೆರಿಟೇಜ್ ಪಟ್ಟಿಯಲ್ಲಿ ಹೆಸರಿತ್ತು, ದಿನದಿನದ ದೇಖರೇಖಿ ಇರಲಿಲ್ಲ. 2005ರಲ್ಲಿ ಒಂದು ಭಾಗ ಕುಸಿದು ಜೀವ ಹೋಯಿತು. 2019ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಹೈಕೋರ್ಟ್ ತನಕ ಹೋಯಿತು. ಪಟ್ಟಿಯಲ್ಲಿದ್ದ ಅಂಥ ಕಟ್ಟಡದವರೇ ಹೊರಗೆ ನಡೆದರು.

ಕಟ್ಟಡ ಎಷ್ಟು ಗಟ್ಟಿ ಎಂದು ನೋಡುವ ಸ್ಟ್ರಕ್ಚರಲ್ ಆಡಿಟ್‌ನಲ್ಲಿ ಸಿ1 ಎಂದು ಬರೆದರೆ ಖಾಲಿ ಮಾಡಿ ಕೆಡವಬೇಕು. ಸಿ2ಬಿ ಎಂದರೆ ಇದ್ದುಕೊಂಡೇ ರಿಪೇರಿ ಮಾಡಬಹುದು. ಇವತ್ತಿನ ಕೆಟ್ಟ ರಿಪೇರಿಯೇ ನಾಳೆ ಸಿ1ಗೆ ದಾರಿ ಮಾಡುತ್ತದೆ. ಪೂಜಾರಿಯವರೇ, ನಿಮ್ಮ ಸೋರುವ ಅಡುಗೆಮನೆಗೂ ಇದೇ ಉತ್ತರ. ಕೆಲಸ ನಿಲ್ಲಿಸುವುದು ಬೇಡ. ಸೋರುವುದನ್ನು ತಡೆಯಲು ಮಾಡಿಗೆ ಟಾರ್ಪಾಲಿನ್ ಮುಚ್ಚಲಿ. ಗೋಡೆಯ ಸಿಮೆಂಟ್ ಮತ್ತು ಕಂಬ ಕಳಚುವುದು ಮಾತ್ರ, ಕಾಗದ ತೋರಿಸುವ ತನಕ ತಡೆದಿರಲಿ.

ಕಾಮತ್, ಮೂರನೇ ಮಹಡಿ
ಹಾಗೆ ಕೇಳಿ ಪತ್ರ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ. ಆದರೆ ಸ್ಟ್ರಕ್ಚರಲ್ ಆಡಿಟ್ ವರದಿ ಮೊದಲು ಕೇಳಿ, ಮರದ ಕೆತ್ತನೆ ಆಮೇಲೆ.

ರಾವ್, ಪಕ್ಕದ ಕಟ್ಟಡ
ಎರಡನ್ನೂ ಒಂದೇ ಪತ್ರದಲ್ಲಿ ಕೇಳೋಣ ಅಕ್ಕ. ನಮ್ಮ ಕಡೆಯಿಂದ ಬೇರೆ ಆಡಿಟ್ ಮಾಡಿಸಿ, ಎರಡು ವರದಿಗೂ ತಾಳೆಯಾಗದಿದ್ದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗಬಹುದು. ಮೊದಲು ಪಾಲಿಕೆಯ ಎ ವಾರ್ಡ್ ಆಫೀಸಿಗೆ ಪತ್ರ, ಪ್ರತಿ ಹೆರಿಟೇಜ್ ಸಮಿತಿಗೆ ಮತ್ತು ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ರಿಪೇರಿ ಮಂಡಳಿಗೆ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅದಕ್ಕೇ ಚಿಕ್ಕದಾಗಿ ಬರೆಯೋಣ: ಅನುಮತಿ ಪತ್ರ, ನಕ್ಷೆ, ಎಂಜಿನಿಯರ್ ಹೆಸರು, ಅಷ್ಟೇ.

ಈಗಿರುವುದನ್ನು ಫೋಟೋ ತೆಗೆದು ಇಡಬೇಕು. ಪ್ರತಿ ಬ್ರಾಕೆಟ್, ಪ್ರತಿ ಕಟಾಂಜನ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆಯಿರಿ. ಕಳಚಿದ ಮೇಲೆ ಹಾಗೇ ಮತ್ತೆ ಮಾಡಿಸಲು ಅದೇ ಆಧಾರ.

ಶೆಟ್ಟಿ, ನೆಲಮಹಡಿ ಹೋಟೆಲ್
ಹಂಚನ್ನು ನನ್ನ ಗೋಡೌನಿನಲ್ಲಿ ಇಡುತ್ತೇನೆ. ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ, ಜಗಳ ಬೇಡ. ಭಾನುವಾರ ಸಂಜೆ ಹೋಟೆಲಲ್ಲಿ ಎಲ್ಲ ಸೇರಿ. ಮರಾಠಿ, ಗುಜರಾತಿ ಮನೆಯವರನ್ನೂ ಕರೆಯಿರಿ. ಅವರದೂ ಇದೇ ಕಟ್ಟಡ.

ಪೂಜಾರಿ, ಎರಡನೇ ಮಹಡಿ
ಸರಿ ಶೆಟ್ರೇ. ಮೆಟ್ಟಿಲ ಬಳಿ ನಾನು ನಿಗಾ ಇಡುತ್ತೇನೆ. ಮರದ ಸಾಮಾನು ಹೊರಗೆ ಹೋಗುವುದು ಕಂಡರೆ ಟೆಂಪೋ ನಂಬರ್ ಸಮೇತ ಇಲ್ಲಿ ಹಾಕುತ್ತೇನೆ.

ಭಟ್, ನಾಲ್ಕನೇ ಮಹಡಿ
ಪತ್ರದ ಕರಡು ಮರಾಠಿಯಲ್ಲಿ ಇವತ್ತು ರಾತ್ರಿ ಕಳಿಸುತ್ತೇನೆ. ಎರಡು ಪ್ರತಿ ತಗೊಂಡು ಹೋಗಬೇಕು. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ತಾರೀಕು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಸೋಮವಾರ ಬೆಳಿಗ್ಗೆ ನನ್ನ ಜೊತೆ ಯಾರು ಬರುತ್ತೀರಿ?

ಕಾಮತ್, ಮೂರನೇ ಮಹಡಿ
ನಾನು ಬರುತ್ತೇನೆ.